ಹಾಡುತ್ತಿದೆ, ಕೇಳುತ್ತಿಲ್ಲ

ಕಂಪ್ಯೂಟರಿನಲ್ಲಿ ಕೆಡುವ ವಸ್ತುಗಳು ಸಾಮಾನ್ಯವಾಗಿ ಏನಾದರೊಂದು ದೂರು ಹೇಳಿಯೇ ಕೆಡುತ್ತವೆ. ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡರೆ ದೀಪ ಮಿನುಗುತ್ತದೆ. ಡಿಸ್ಕ್ ತುಂಬಿದರೆ ಜಾಗವಿಲ್ಲ ಎನ್ನುತ್ತದೆ. ನೆಟ್ ಹೋದರೆ ಹೋಯಿತೆಂದು ಬ್ರೌಸರೇ ತಿಳಿಸುತ್ತದೆ. ಸೌಂಡ್ ಕಾರ್ಡ್ ಮಾತ್ರ ಹಾಗಲ್ಲ. ಹಾಡು ಹಾಕುತ್ತೀರಿ, ಗೆರೆ ಎಡದಿಂದ ಬಲಕ್ಕೆ ಸರಿಯುತ್ತಿರುತ್ತದೆ, ಸೆಕೆಂಡುಗಳು ಏರುತ್ತಿರುತ್ತವೆ, ತಪ್ಪಿನ ಸಂದೇಶ ಎಲ್ಲೂ ಇಲ್ಲ, ಸದ್ದೂ ಇಲ್ಲ. ಕಂಪ್ಯೂಟರಿನ ಮಟ್ಟಿಗೆ ಹಾಡು ನಡೆಯುತ್ತಿದೆ. ಅದು ಅಂಕಿಗಳನ್ನು ಚಿಪ್ಪಿಗೆ ಒಪ್ಪಿಸಿದೆ. ಚಿಪ್ಪು ಅವನ್ನು ವಿದ್ಯುತ್ತಿನ ಏರಿಳಿತವಾಗಿಸಿ ತಂತಿಗೆ ಬಿಟ್ಟಿದೆ. ತಂತಿಯ ಆಚೆ ತುದಿಯಲ್ಲಿ ಸ್ಪೀಕರ್ ಹಾಡುತ್ತಿದೆಯೋ ಸುಮ್ಮನೆ ಕೂತಿದೆಯೋ ಅದಕ್ಕೆ ತಿಳಿಯುವುದಿಲ್ಲ. ಕೇಳಿಸಿತೋ ಇಲ್ಲವೋ ಹೇಳಬಲ್ಲದ್ದು ಕಿವಿಯೊಂದೇ.

ಲಿನಕ್ಸ್ ಬಳಸಿದ ಒಂದು ತಲೆಮಾರಿಗೆ ಈ ಮೌನ ಚೆನ್ನಾಗಿ ಗೊತ್ತು. ಮಿಕ್ಕಿದ್ದೆಲ್ಲ ಒಂದು ಸಂಜೆಯಲ್ಲಿ ಕೂತುಕೊಳ್ಳುತ್ತಿತ್ತು. ಸೌಂಡ್ ಕಾರ್ಡಿಗೆ ಒಂದು ವಾರ ಹಿಡಿಯುತ್ತಿತ್ತು. ಇದರ ಹಿಂದೆ ಒಂದು ಚರಿತ್ರೆಯೇ ಇದೆ. 1992ರಲ್ಲಿ ಫಿನ್ಲೆಂಡಿನ ಹನ್ನು ಸವೊಲೈನೆನ್ ಆಗಿನ ಜನಪ್ರಿಯ ಸೌಂಡ್ ಬ್ಲಾಸ್ಟರ್ ಕಾರ್ಡಿಗೆ ಲಿನಕ್ಸಿನಲ್ಲಿ ಮೊದಲ ಚಾಲಕ ತಂತ್ರಾಂಶ ಬರೆದರು. ಯುನಿಕ್ಸ್ ಪದ್ಧತಿಯಲ್ಲಿ ಎಲ್ಲವೂ ಕಡತ. ಸೌಂಡ್ ಕಾರ್ಡೂ ಒಂದು ಕಡತವಾಯಿತು. ಅದರೊಳಕ್ಕೆ ಏನು ಸುರಿದರೂ ಸ್ಪೀಕರಿನಲ್ಲಿ ಬರುತ್ತಿತ್ತು. ಹಾಡು ಸುರಿದರೆ ಹಾಡು, ಪತ್ರ ಸುರಿದರೆ ಕರಕರ. ಆದರೆ ಆ ಕಾರ್ಡು ಯಾವ ಅಡ್ರೆಸ್ಸಿನಲ್ಲಿದೆ, ಯಾವ ಇಂಟರಪ್ಟ್ ಬಳಸುತ್ತದೆ ಎಂಬುದನ್ನು ಬಳಕೆದಾರರೇ ತಿಳಿದು ಹೇಳಬೇಕಿತ್ತು. 220, 5, 1 ಎಂಬ ಅಂಕಿಗಳನ್ನು ಇಂದಿಗೂ ಮನೆ ನಂಬರಿನಂತೆ ನೆನಪಿಟ್ಟುಕೊಂಡವರಿದ್ದಾರೆ.

ಆ ಕಾಲದ ಒಂದು ಸಣ್ಣ ಧ್ವನಿಮುದ್ರಣ ಭಾಷೆಯ ಮೇಲೆ ಪ್ರೀತಿ ಇರುವ ಯಾರಿಗಾದರೂ ಹಿಡಿಸುವಂಥದ್ದು. ಲೈನಸ್ ಟೊರ್ವಾಲ್ಡ್ಸ್ ತಮ್ಮ ಹೆಸರು ಹೇಳಿ, ಲಿನಕ್ಸ್ ಎಂಬುದನ್ನು ತಾವು ಹೇಗೆ ಉಚ್ಚರಿಸುತ್ತೇವೆಂದು ಹೇಳುವ ಕೆಲವೇ ಸೆಕೆಂಡುಗಳ ಮಾತು ಅದು. ಇಂಗ್ಲಿಷಿನಲ್ಲೊಮ್ಮೆ, ಅವರ ಮನೆಮಾತಾದ ಸ್ವೀಡಿಷಿನಲ್ಲೊಮ್ಮೆ. ಉಚ್ಚಾರದ ಜಗಳ ತೀರಿಸಲು ಹುಟ್ಟಿದ ಈ ಮಾತು ಸೌಂಡ್ ಕಾರ್ಡ್ ಪರೀಕ್ಷಿಸುವ ಧ್ವನಿಯೂ ಆಯಿತು. ರೆಡ್ ಹ್ಯಾಟ್‌ನ ಹಳೆಯ ಆವೃತ್ತಿಗಳಲ್ಲಿ ಕಾರ್ಡನ್ನು ಹೊಂದಿಸಿ ಮುಗಿಸಿದಾಗ ಇದೇ ಮಾತು ಕೇಳಿಸುತ್ತಿತ್ತು. ಕೇಳಿಸಿದರೆ ಕೆಲಸ ಆಯಿತೆಂದು ಅರ್ಥ. ಇಂಗ್ಲಿಷಿನವರಿಗೆ ಈ ಧ್ವನಿ ಬೇಕೇ ಬೇಕಿತ್ತು, ಏಕೆಂದರೆ ಅವರ ಬರವಣಿಗೆ ಉಚ್ಚಾರವನ್ನು ಮುಚ್ಚಿಟ್ಟುಕೊಳ್ಳುತ್ತದೆ. ಕನ್ನಡದಲ್ಲಿ ಬರೆಯುವವರಿಗೆ ಆ ಸೌಕರ್ಯವಿಲ್ಲ. ಲಿನಕ್ಸೋ, ಲೈನಕ್ಸೋ, ಲಿನುಕ್ಸೋ ಎಂದು ಬರೆಯುವ ಮೊದಲೇ ತೀರ್ಮಾನಿಸಿರಬೇಕು. ಮುದ್ರಣದಲ್ಲಿ ಕೇಳುವುದು ಲಿನುಕ್ಸಿಗೆ ಹತ್ತಿರ. ನಮ್ಮಲ್ಲಿ ನಿಂತದ್ದು ಲಿನಕ್ಸ್.

ಮುಂದಿನ ಕಥೆ ಪದರದ ಮೇಲೆ ಪದರ. ಹಳೆಯ ಪದ್ಧತಿಯಲ್ಲಿ ಬಹುತೇಕ ಕಾರ್ಡುಗಳನ್ನು ಒಂದು ಹೊತ್ತಿಗೆ ಒಂದೇ ಪ್ರೋಗ್ರಾಮು ಹಿಡಿದುಕೊಳ್ಳಬಹುದಿತ್ತು. ಹಾಡು ನಡೆಯುವಾಗ ಮೇಲ್ ಬಂದರೆ ಟಿಂಗ್ ಎನ್ನಲು ಆಗದು. ಇತ್ತ ಚೆಕ್ ದೇಶದ ಯಾರೊಸ್ಲಾವ್ ಕಿಸೆಲಾ ತಮ್ಮ ಗ್ರಾವಿಸ್ ಅಲ್ಟ್ರಾಸೌಂಡ್ ಕಾರ್ಡು ಸರಿಯಾಗಿ ನುಡಿಯಲೆಂದು ಶುರುಮಾಡಿದ ಕೆಲಸ ಬೆಳೆದು ಆಲ್ಸಾ ಎಂಬ ಹೊಸ ವ್ಯವಸ್ಥೆಯಾಯಿತು. 2003ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ 2.6ರಲ್ಲಿ ಅದೇ ಮುಖ್ಯ ದಾರಿ. ಆಲ್ಸಾದ ಒಂದು ಕ್ರಮ ಲೆಕ್ಕವಿಲ್ಲದಷ್ಟು ಜನರ ರಾತ್ರಿ ನಿದ್ದೆ ಕೆಡಿಸಿದೆ. ಕಾರ್ಡನ್ನು ಮೊದಲ ಸಲ ಎಬ್ಬಿಸುವಾಗ ಅದು ಎಲ್ಲ ಧ್ವನಿಮಾರ್ಗಗಳನ್ನೂ ಮುಚ್ಚಿಡುತ್ತದೆ, ಸ್ಪೀಕರ್ ಏಕಾಏಕಿ ಅರಚಿಕೊಳ್ಳದಿರಲಿ ಎಂದು. ಆಲ್ಸಾಮಿಕ್ಸರ್ ತೆರೆದರೆ ಪ್ರತಿ ಕಂಬದ ಕೆಳಗೆ ಎಂ ಎಂ ಎಂದಿರುತ್ತದೆ. ಮ್ಯೂಟ್ ಎಂದು ಅರ್ಥ. ಎಂ ಗುಂಡಿ ಒತ್ತಿದರೆ ಅದು ಸೊನ್ನೆ ಸೊನ್ನೆ ಆಗುತ್ತದೆ. ಸೊನ್ನೆ ಎಂದರೆ ಸದ್ದು ಬರುತ್ತದೆ ಎಂದು ತಿಳಿಯಬೇಕಾದ ಜಾಗ ಲೋಕದಲ್ಲಿ ಬಹುಶಃ ಇದೊಂದೇ.

ಆಲ್ಸಾದ ಮೇಲೆ ಪಲ್ಸ್‌ಆಡಿಯೋ ಬಂತು. ಜರ್ಮನಿಯ ಲೆನ್ನಾರ್ಟ್ ಪೊಟ್ಟರಿಂಗ್ ಶುರುಮಾಡಿದ್ದು. 2007ರ ಫೆಡೋರಾ 8, ಮರುವರ್ಷದ ಉಬುಂಟು 8.04ರಲ್ಲಿ ಅದು ತಾನಾಗಿಯೇ ಬಂದು ಕೂತಿತು, ಬೈಗುಳವನ್ನೂ ತಿಂದಿತು. ಬೈಗುಳದಲ್ಲಿ ಒಂದು ಪಾಲು ನಿಜಕ್ಕೂ ಕೆಳಗಿನ ಚಾಲಕಗಳಿಗೆ ಸಲ್ಲಬೇಕಾದದ್ದು. ಆಮೇಲೆ ವಿಮ್ ಟೇಮನ್ಸ್ ಅವರ ಪೈಪ್‌ವೈರ್. 2021ರ ಫೆಡೋರಾ 34ರಲ್ಲಿ, 2023ರ ಡೆಬಿಯನ್ 12ರ ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಅದೇ. ಈಗ ಬಹುಪಾಲು ಯಂತ್ರಗಳಲ್ಲಿ ಹಾಕಿದ ಕೂಡಲೇ ಸದ್ದು ಬರುತ್ತದೆ. ಬರದಿದ್ದಾಗ ಮಾತ್ರ ಹುಡುಕಬೇಕಾದ ಪದರಗಳು ಮೊದಲಿಗಿಂತ ಹೆಚ್ಚು. ಪ್ರತಿ ಪದರವೂ ತನ್ನ ಕೆಳಗಿನದಕ್ಕೆ ಕೊಟ್ಟಾಯಿತು ಎನ್ನುತ್ತದೆ, ಸರ್ಕಾರಿ ಕಚೇರಿಯ ಟೇಬಲ್ಲುಗಳ ಹಾಗೆ.

ಇದನ್ನೆಲ್ಲ ಹವ್ಯಾಸದವರ ಪಾಡು ಎಂದು ನಕ್ಕು ಬಿಡಬಹುದಿತ್ತು. ಆದರೆ ಲಿನಕ್ಸ್ ಬಳಸುವ ಕುರುಡರೂ ಇದ್ದಾರೆ. ಅವರಿಗೆ ಸೌಂಡ್ ಕಾರ್ಡೇ ಪರದೆ. ತೆರೆಯ ಮೇಲಿರುವುದನ್ನು ಓದಿ ಹೇಳುವ ಆರ್ಕಾ ಎಂಬ ತಂತ್ರಾಂಶ 2006ರಲ್ಲಿ ಗ್ನೋಮ್ ಜೊತೆ ಸೇರಿತು. ಅದರ ಮೊದಲ ಮಾದರಿ ಮಾಡಿದ ಸನ್ ಕಂಪನಿಯ ಮಾರ್ಕ್ ಮಲ್ಕಾಹಿ ಸ್ವತಃ ಕುರುಡರು. ಆರ್ಕಾಗೆ ಗಂಟಲು ಕೊಡುವುದು ಬಹುತೇಕ ಇ-ಸ್ಪೀಕ್. ಜೊನಾಥನ್ ಡಡಿಂಗ್ಟನ್ 1995ರ ಹೊತ್ತಿಗೆ ಏಕಾರ್ನ್ ಕಂಪ್ಯೂಟರಿಗೆಂದು ಬರೆಯಲು ತೊಡಗಿದ್ದರಿಂದ ಬೆಳೆದದ್ದು. ಅದರಲ್ಲಿ ಕನ್ನಡವೂ ಇದೆ. ಅದು ಮನುಷ್ಯರ ದನಿಯನ್ನು ಮುದ್ರಿಸಿಟ್ಟುಕೊಂಡದ್ದಲ್ಲ, ಲೆಕ್ಕದಿಂದ ಹುಟ್ಟಿಸಿದ ದನಿ. ತಗಡಿನ ಡಬ್ಬಿಯೊಳಗೆ ಕೂತು ಮಾತಾಡಿದಂತೆ ಕೇಳುತ್ತದೆ, ಆದರೆ ಎಷ್ಟು ಬೇಗ ಓದಿಸಿದರೂ ಅಕ್ಷರ ನುಂಗುವುದಿಲ್ಲ. ಕನ್ನಡ ಅದಕ್ಕೆ ಒಂದು ಲೆಕ್ಕದಲ್ಲಿ ಹಿಂದಿಗಿಂತ ಸುಲಭ: ಹಿಂದಿಯಲ್ಲಿ ರಾಮ ಎಂದು ಬರೆದು ರಾಮ್ ಎನ್ನಬೇಕು, ಯಾವ ಅಕಾರ ಬಿಡಬೇಕೆಂದು ಯಂತ್ರಕ್ಕೆ ಕಲಿಸಬೇಕು, ಕನ್ನಡದಲ್ಲಿ ಬರೆದದ್ದನ್ನು ಬರೆದಂತೆ ಹೇಳಿದರೆ ಹೆಚ್ಚುಕಡಿಮೆ ಸರಿಹೋಗುತ್ತದೆ.

2013ರ ಡೆಬಿಯನ್ 7ರಿಂದ ಕಣ್ಣು ಕಾಣದವರು ಯಾರ ನೆರವೂ ಇಲ್ಲದೆ ಈ ವ್ಯವಸ್ಥೆಯನ್ನು ಮಾತಿನ ಮೂಲಕವೇ ಹಾಕಿಕೊಳ್ಳಬಹುದು. ಶುರುವಿನಲ್ಲಿ ಎಸ್ ಒತ್ತಿ ಎಂಟರ್ ಒತ್ತಬೇಕು. ಯಂತ್ರದಲ್ಲಿ ಒಂದಕ್ಕಿಂತ ಹೆಚ್ಚು ಸೌಂಡ್ ಕಾರ್ಡ್ ಕಂಡರೆ ಅದು ಒಂದೊಂದರಲ್ಲೂ ಮಾತಾಡಿ ನೋಡುತ್ತದೆ. ನಿಮಗೆ ಯಾವಾಗ ಕೇಳಿಸಿತೋ ಆಗ ಎಂಟರ್ ಒತ್ತಿದರೆ ಆ ಕಾರ್ಡನ್ನೇ ಹಿಡಿದುಕೊಳ್ಳುತ್ತದೆ. ಕೇಳಿಸಿತೇ ಎಂದು ಕಿವಿಯನ್ನೇ ಕೇಳುವ ಕಂಪ್ಯೂಟರ್! ಇಡೀ ಲಿನಕ್ಸಿನಲ್ಲಿ ಇಷ್ಟು ಮರ್ಯಾದೆಯ ಪ್ರಶ್ನೆ ಇನ್ನೊಂದಿಲ್ಲ. ಆದರೆ ಅದು ಒಮ್ಮೆ ಮಾತ್ರ ಕೇಳುತ್ತದೆ.

ಪುಣೆಯಲ್ಲಿ ಹೀಗೆ ಡೆಬಿಯನ್ ಬಳಸುವ ಒಬ್ಬರಿದ್ದಾರೆ. ಧಾರವಾಡದ ಕಡೆಯವರು, ಹುಟ್ಟುಕುರುಡರು, ಬ್ಯಾಂಕೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತರಾದವರು. ಅಣ್ಣನ ಮಕ್ಕಳು ಕಾಕಾ ಎನ್ನುವುದರಿಂದ ಇಲ್ಲೂ ಕಾಕಾ ಎನ್ನೋಣ. ಶಾಲೆಯಲ್ಲಿ ಬ್ರೈಲ್‌ನಲ್ಲಿ ಕನ್ನಡ ಕಲಿತವರು, ಹಾಗಾಗಿ ಕಾಗುಣಿತ ಗಟ್ಟಿ. ಟೈಪಿಂಗ್ ಇನ್ನೂ ಗಟ್ಟಿ. ಆರ್ಕಾವನ್ನು ಅವರು ಓಡಿಸುವ ವೇಗಕ್ಕೆ ಬೇರೆಯವರ ಕಿವಿಗೆ ಜೀರುಂಡೆ ಕರೆದಂತಷ್ಟೇ ಕೇಳುತ್ತದೆ. ಮನೆಗೆ ಬಂದವರು ಇದು ಯಾವ ಭಾಷೆ ಎಂದು ಕೇಳಿದ್ದುಂಟು. ಕನ್ನಡವೇ.

ಫೋನಿದೆ, ಅದೂ ಮಾತಾಡುತ್ತದೆ. ಆದರೆ ಗಾಜಿನ ಮೇಲೆ ಬೆರಳು ಜಾರಿಸಿ ನಾಲ್ಕು ಸಾಲು ಬರೆಯುವುದರೊಳಗೆ ಅವರಿಗೆ ಬೇಸರ ಬರುತ್ತದೆ. ಬರೆಯುವುದೆಲ್ಲ 2014ರಲ್ಲಿ ಕೊಂಡ ಡೆಸ್ಕ್‌ಟಾಪಿನಲ್ಲೇ. ಅದಕ್ಕೊಂದು ಹಳೆಯ ಮಾನಿಟರ್ ಇತ್ತು, ಅವರ ಹೆಂಡತಿಗಾಗಿ. ಆಕೆ ಅದರಲ್ಲಿ ಮೊಮ್ಮಕ್ಕಳ ಫೋಟೋ, ಅಡುಗೆ ವಿಡಿಯೋ ನೋಡುತ್ತಿದ್ದರು. ಆಕೆ ತೀರಿಕೊಂಡು ವರ್ಷ ತುಂಬಿರಲಿಲ್ಲ. ಒಂದು ಗುರುವಾರ ಆ ಮಾನಿಟರಿನಿಂದ ಸುಟ್ಟ ವಾಸನೆ ಬಂತು. ಪಕ್ಕದ ಮನೆಯ ಹುಡುಗ ತನ್ನಲ್ಲಿದ್ದ ಇನ್ನೊಂದನ್ನು ತಂದು ಜೋಡಿಸಿದ. ಹಳೆಯದಕ್ಕೆ ಇದ್ದದ್ದು ನೀಲಿ ತಲೆಯ ವಿಜಿಎ ಕೇಬಲ್ಲು, ಹೊಸದಕ್ಕೆ ಎಚ್‌ಡಿಎಂಐ. ಚಿತ್ರ ಚೆನ್ನಾಗಿ ಬರುತ್ತಿದೆ ಎಂದು ಹುಡುಗ ಹೇಳಿ ಹೋದ. ಕಂಪ್ಯೂಟರ್ ಮಾತು ನಿಲ್ಲಿಸಿತು.

ಕನ್ನಡದಲ್ಲಿ ಶಬ್ದ ಎಂದರೆ ಸದ್ದೂ ಹೌದು, ಪದವೂ ಹೌದು. ಕಾಕಾಗೆ ಎರಡೂ ಒಟ್ಟಿಗೇ ಹೋದವು.

ಹುಡುಗನನ್ನು ಕರೆದರು. ಅವನು ಸ್ಪೀಕರಿನ ಪಿನ್ನು ಕಿತ್ತು ಹಾಕಿದ, ವಾಲ್ಯೂಮ್ ತಿರುಗಿಸಿದ, ಕಂಪ್ಯೂಟರ್ ಆರಿಸಿ ಹಚ್ಚಿದ. ಹಾಡು ಹಾಕಿ, ನಡೀತಾ ಇದೆಯಲ್ಲ ಕಾಕಾ ಎಂದು ಮರಾಠಿಯಲ್ಲಿ ಹೇಳಿದ. ಅವನಿಗೆ ಗೆರೆ ಸರಿಯುವುದು ಕಾಣುತ್ತಿತ್ತು. ಮುಂದಿನ ಎರಡು ದಿನ ಕಾಕಾ ಮಾಡಿದ್ದು ಕೇಳಲು ವಿಚಿತ್ರ, ಆದರೆ ಅವರನ್ನು ಬಲ್ಲವರಿಗೆ ವಿಚಿತ್ರವಲ್ಲ. ಕೀಲಿಗಳ ನೆನಪಿನಿಂದ ತಮ್ಮ ಕಡತ ತೆರೆದುಕೊಂಡು ಬರೆಯುತ್ತ ಹೋದರು. ಬೆರಳಿಗೆ ದಾರಿ ಗೊತ್ತಿತ್ತು. ಕಿವಿ ಆಮೇಲೆ ಬರಲಿ ಎಂದುಕೊಂಡರು.

ಭಾನುವಾರ ಅಣ್ಣನ ಮಗಳು ಬಂದಳು. ಆಕೆ ಸಾಫ್ಟ್‌ವೇರಿನವಳೇ, ಆದರೆ ಲಿನಕ್ಸ್ ಡೆಸ್ಕ್‌ಟಾಪಿನವಳಲ್ಲ. ಕೆಲಸದ ಹಂಚಿಕೆ ಹೀಗಾಯಿತು: ಕಾಕಾ ಟೈಪ್ ಮಾಡುವುದು, ಆಕೆ ತೆರೆಯ ಮೇಲಿದ್ದದ್ದನ್ನು ಓದಿ ಹೇಳುವುದು. ಅಂದರೆ ಆರ್ಕಾ ಮಾಡುವ ಕೆಲಸ ಆಕೆಯ ಪಾಲಿಗೆ ಬಂತು.

"ಮೊದಲ ಈಗ ಏನ್ ಕಾಣಸ್ತದ ಹೇಳು."

"ಏನೋ ಬರದೀರಿ ಕಾಕಾ. ಮ್ಯಾಲೆ ಕನ್ನಡ ಅದ. ಓದಲೇನು?" ಉತ್ತರಕ್ಕೆ ಕಾಯದೆ ಓದಲು ಶುರುಮಾಡಿದಳು. ಬೆಳಿಗ್ಗೆ ಬೇಳೆ ತೊಳೆಯುವಾಗ ಬಳೆ ಪಾತ್ರೆಗೆ ತಾಗುವ ಸದ್ದು, ಕಪಾಟಿನ ಕೀಲಿಗೊಂಚಲಿನ ಸದ್ದು, ನಡುಮನೆ ದಾಟುವಾಗ ಎಡಗಾಲು ತುಸು ಎಳೆದಿಡುವ ಸದ್ದು. ಎರಡು ಸಾಲು ಓದುವಷ್ಟರಲ್ಲಿ ಅದು ಕಾಕುವಿನ ಬಗ್ಗೆ ಎಂದು ಆಕೆಗೆ ತಿಳಿಯಿತು. ನಿಲ್ಲಿಸಿದಳು.

ತಾವು ಹೀಗೆ ಬರೆಯುತ್ತಿರುವುದನ್ನು ಕಾಕಾ ಯಾರಿಗೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ತೆರೆಯತ್ತ ನೋಡುವವರು ಮನೆಯಲ್ಲಿ ಯಾರೂ ಇರಲಿಲ್ಲ, ಇಯರ್‌ಫೋನಿನೊಳಗಿನ ತಗಡು ದನಿ ಆಚೆಗೆ ಹೋಗುತ್ತಿರಲಿಲ್ಲ. ಕಣ್ಣಿದ್ದವರು ಬೀಗ ಹಾಕಿ ಪಡೆಯುವ ಏಕಾಂತ ಅವರಿಗೆ ಸೌಂಡ್ ಕಾರ್ಡಿನಿಂದ ಸಿಗುತ್ತಿತ್ತು. ಅದು ಕೆಟ್ಟ ಕೂಡಲೇ ತಮ್ಮ ಬರಹ ತಮಗೆ ತಲುಪಲು ಇನ್ನೊಬ್ಬರ ಕಣ್ಣಿನ ಮೂಲಕ ಹಾದುಬರಬೇಕಾಯಿತು.

ಸ್ವಲ್ಪ ಹೊತ್ತು ಬಿಟ್ಟು, "ಕೆಳಗ ಏನದ?" ಎಂದರು.

"ಕೆಳಗ ಕನ್ನಡ ಇಲ್ಲ ಕಾಕಾ. ಇಂಗ್ಲೀಷ್ ಅಕ್ಷರ ಅವ, ಆದ್ರ ಇಂಗ್ಲೀಷ್ ಅಲ್ಲ. ಎರಡ್ಮೂರು ಪಾನ ಹಂಗ ಅದ."

"ಒಂದೊಂದ ಅಕ್ಷರ ಹೇಳು."

"ಎ, ವಿ, ದೊಡ್ಡ ಎಲ್, ಯು."

ಕಗಪ ಕೀಲಿಮಣೆಯಲ್ಲಿ ಬರೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎ ಎಂದರೆ ಅ, ವಿ ಎಂದರೆ ವ, ಶಿಫ್ಟ್ ಒತ್ತಿದ ಎಲ್ ಎಂದರೆ ಳ, ಅದರ ಮುಂದೆ ಯು ಒತ್ತಿದರೆ ಕೊಂಬು. ಅವಳು. ಎರಡು ದಿನದಲ್ಲಿ ಯಾವಾಗಲೋ ಬೆರಳು ತಪ್ಪಿ ಭಾಷೆ ಬದಲಿಸುವ ಕೀಲಿ ಒತ್ತಿಹೋಗಿತ್ತು. ಅಲ್ಲಿಂದ ಮುಂದೆ ಬರೆದದ್ದೆಲ್ಲ ಕನ್ನಡವೇ, ಆದರೆ ಕನ್ನಡದಲ್ಲಿ ಬಿದ್ದಿರಲಿಲ್ಲ.

"ಸಾಕು ವಾ. ಮುಚ್ಚತೇನಿ ಅದನ್ನ," ಎಂದು ಕಾಕಾ ಕಡತವನ್ನು ಉಳಿಸಿ ಮುಚ್ಚಿದರು. ಕಾಕುವಿನ ಮಾತನ್ನು ಇಬ್ಬರೂ ಎತ್ತಲಿಲ್ಲ.

ಆಮೇಲಿನದು ಅರ್ಧ ಗಂಟೆಯ ಕೆಲಸ. ಕಾಕಾ ಟರ್ಮಿನಲ್ ತೆರೆದು ಆಲ್ಸಾಮಿಕ್ಸರ್ ಹೊಡೆದರು, ಕಾರ್ಡು ಆರಿಸಿಕೊಂಡರು. ಎಂ ಎಂ ಎಲ್ಲೂ ಇಲ್ಲ ಎಂದಳು. ಮಾಸ್ಟರ್ ಕೆಳಗೆ ಸೊನ್ನೆ ಸೊನ್ನೆ, ಕಂಬವೂ ಎತ್ತರವಿದೆ. ಸ್ಪೀಕರ್-ಟೆಸ್ಟ್ ಓಡಿಸಿದರು. ಎಡ, ಬಲ ಎಂದು ಹೆಣ್ಣುದನಿಯೊಂದು ಹೇಳಬೇಕು. "ಫ್ರಂಟ್ ಲೆಫ್ಟ್, ಫ್ರಂಟ್ ರೈಟ್ ಅಂತ ಬರೀಲಿಕ್ಕತ್ತದ ಕಾಕಾ, ಕೇಳಸವಲ್ದು." ಅಂದರೆ ದಾರಿ ಕಡಿದಿಲ್ಲ, ಎಲ್ಲಿಗೋ ಹೋಗುತ್ತಿದೆ. ಎಲ್ಲಿಗೆ?

ಪೈಪ್‌ವೈರಿನ ಸ್ಥಿತಿ ತೋರಿಸುವ ಆಜ್ಞೆಯೊಂದಿದೆ. ಅದು ಮರದ ಕೊಂಬೆಗಳಂತೆ ಗೆರೆ ಎಳೆದು ಎಲ್ಲ ಸಾಧನಗಳ ಪಟ್ಟಿ ಕೊಡುತ್ತದೆ. ಆಕೆ ಓದಿದಳು, ಕಣ್ಣಿರುವವರು ಓದುವ ಹಾಗೆ: ಬೇಕಾದದ್ದು ಇದು, ಬೇಡವಾದದ್ದು ಅದು ಎಂದು ತಾನೇ ನಿರ್ಧರಿಸಿಕೊಂಡು, ನಡುವೆ "ಆಮ್ಯಾಲೆ ಏನೇನೋ ಅದ" ಎನ್ನುತ್ತ. ಕಾಕಾಗೆ ಸಿಟ್ಟು ಬಂತು. ಆರ್ಕಾ ಎಂದೂ ಏನೇನೋ ಅದ ಎನ್ನುವುದಿಲ್ಲ. ಅಲ್ಪವಿರಾಮ, ಅಡ್ಡಗೆರೆ, ಆವರಣ ಚಿಹ್ನೆ, ಹೇಳು ಎಂದದ್ದನ್ನೆಲ್ಲ ಹೇಳುತ್ತದೆ. ಮತ್ತೊಮ್ಮೆ ಓದಿಸಿದರು. ಸಿಂಕ್ ಎಂಬ ತಲೆಬರಹದ ಕೆಳಗೆ ಎರಡು ಸಾಲು. ಒಂದು, ಬಿಲ್ಟ್ ಇನ್ ಆಡಿಯೋ ಡಿಜಿಟಲ್ ಸ್ಟೀರಿಯೋ, ಎಚ್‌ಡಿಎಂಐ. ಇನ್ನೊಂದು, ಬಿಲ್ಟ್ ಇನ್ ಆಡಿಯೋ ಅನಲಾಗ್ ಸ್ಟೀರಿಯೋ.

"ಚಿಕ್ಕಿ ಯಾವುದರ ಮುಂದ ಅದ?"

"ಚಿಕ್ಕಿ?"

"ಸ್ಟಾರ್ ವಾ, ಸ್ಟಾರ್. ಒಂದರ ಮುಂದ ಇರಬೇಕು."

ಇತ್ತು. ಎಚ್‌ಡಿಎಂಐ ಮುಂದೆ. ಎರಡೂ ಸಲ ಆಕೆಯ ಕಣ್ಣು ಅದನ್ನು ಅಲಂಕಾರವೆಂದು ದಾಟಿಹೋಗಿತ್ತು.

ವಿಷಯ ಇಷ್ಟೆ. ಎಚ್‌ಡಿಎಂಐ ಕೇಬಲ್ಲು ಚಿತ್ರವನ್ನಷ್ಟೇ ಅಲ್ಲ, ಸದ್ದನ್ನೂ ಒಯ್ಯುತ್ತದೆ. ಲಿನಕ್ಸಿನ ಲೆಕ್ಕದಲ್ಲಿ ಅದೂ ಒಂದು ಸೌಂಡ್ ಕಾರ್ಡು. ಆ ಕಾಲದ ಎಷ್ಟೋ ಇಂಟೆಲ್ ಯಂತ್ರಗಳಲ್ಲಿ ಅದೇ ಸೊನ್ನೆ ನಂಬರಿನದು, ಸ್ಪೀಕರಿನದು ಒಂದು ನಂಬರಿನದು. ಹಳೆಯ ಮಾನಿಟರಿಗೆ ವಿಜಿಎ ಇದ್ದಷ್ಟು ಕಾಲ ಆ ದಾರಿ ಮುಚ್ಚಿತ್ತು. ಹೊಸ ಕೇಬಲ್ಲು ಸಿಕ್ಕಿಸಿದ ಕೂಡಲೇ ಪೈಪ್‌ವೈರಿಗೆ ಹೊಸ ದಾರಿ ಕಂಡಿತು, ಮನೆಗೆ ಟಿವಿ ಬಂದಿರಬೇಕು ಎಂದುಕೊಂಡು ಸದ್ದನ್ನೆಲ್ಲ ಅತ್ತ ತಿರುಗಿಸಿತು. ಆ ಮಾನಿಟರಿಗೆ ಸ್ಪೀಕರೇ ಇಲ್ಲ. ಮೂರು ದಿನ ಆರ್ಕಾ ಸುಮ್ಮನಿರಲಿಲ್ಲ, ಒಂದೇ ಸಮನೆ ಮಾತಾಡುತ್ತಿತ್ತು. ಕೀಲಿ ತಪ್ಪಿ ಇಂಗ್ಲಿಷಾದಾಗ ಎ, ವಿ, ಎಲ್, ಯು ಎಂದು ಪ್ರತಿ ಅಕ್ಷರವನ್ನೂ ಹೇಳಿತ್ತು. ಕಿವಿಯಿದ್ದವರಿಗಲ್ಲ, ಬಾಯಿಲ್ಲದ ಮಾನಿಟರಿಗೆ.

ಕಾಕಾ ಅನಲಾಗ್ ಸಾಲಿನ ನಂಬರು ಕೇಳಿ, ಇನ್ನು ಮುಂದೆ ಅದೇ ಮುಖ್ಯ ಎಂದು ಹೇಳುವ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರು. ಕೋಣೆಯಲ್ಲಿ ತಗಡು ದನಿ ಪೂರ್ತಿ ವೇಗದಲ್ಲಿ ಸುರಿಯಿತು. ಅಣ್ಣನ ಮಗಳು ಬೆಚ್ಚಿ ಹಿಂದೆ ಸರಿದಳು.

ನಂತರ ಚಹಾ ಕುಡಿಯುವಾಗ ಕಾಕಾ ಬ್ಯಾಂಕಿನ ಬೋರ್ಡಿನ ಮಾತು ತೆಗೆದರು. ಹೊರಗಿನಿಂದ ಬಂದ ಫೋನನ್ನು ಮ್ಯಾನೇಜರಿಗೆ ಕೊಡುವಾಗ ಲೈನ್ ಕೊಟ್ಟೆ ಎಂದು ಕೈಬಿಡುವಂತಿರಲಿಲ್ಲವಂತೆ. ಆ ಕಡೆ, ಈ ಕಡೆ ಇಬ್ಬರೂ ಹಲೋ ಎಂದದ್ದನ್ನು ಕೇಳಿಸಿಕೊಂಡೇ ತಾವು ನಡುವಿನಿಂದ ಸರಿಯಬೇಕು. ಹೊಸದಾಗಿ ಸೇರಿದವರಿಗೆ ಕಲಿಸುತ್ತಿದ್ದ ಮೊದಲ ಪಾಠ ಅದು. "ಇದಕ್ಕ ಯಾರೂ ಕಲಿಸಿಲ್ಲ ನೋಡು," ಎಂದು ಕಂಪ್ಯೂಟರಿನತ್ತ ಕೈ ತೋರಿಸಿದರು.

ಇಂಗ್ಲಿಷ್ ಅಕ್ಷರದಲ್ಲಿ ಬಿದ್ದ ಪುಟಗಳನ್ನು ತಾನಾಗಿ ಕನ್ನಡಕ್ಕೆ ತಿರುಗಿಸುವ ಸಣ್ಣ ಪ್ರೋಗ್ರಾಮು ಬರೆದುಕೊಡುತ್ತೇನೆಂದು ಆಕೆ ಹೇಳಿದಳು. ಅದೇನೂ ಕಷ್ಟದ್ದಲ್ಲ, ಒಂದು ಕೀಲಿಗೆ ಒಂದು ಅಕ್ಷರ. ಕಾಕಾ ಬೇಡವೆಂದರು. ಆರ್ಕಾ ಆ ಪುಟಗಳನ್ನು ಇಂಗ್ಲಿಷ್ ಧಾಟಿಯಲ್ಲಿ ಓದಲು ಹೋಗಿ ಎವ್ಲು, ಎವ್ಲು ಎನ್ನುತ್ತಿತ್ತು. ಅದನ್ನು ಅಕ್ಷರ ಅಕ್ಷರವಾಗಿ ಕೇಳಿಕೊಂಡು, ಪಕ್ಕದಲ್ಲಿ ಇನ್ನೊಂದು ಕಡತ ತೆರೆದು, ಎರಡು ಸಂಜೆ ಕೂತು ತಾವೇ ಮತ್ತೆ ಬರೆದುಕೊಂಡರು.

ಎಚ್‌ಡಿಎಂಐ ಕೇಬಲ್ಲನ್ನು ಸುಮ್ಮನೆ ಕಿತ್ತಿದ್ದರೆ ಸದ್ದು ತಾನಾಗಿಯೇ ಸ್ಪೀಕರಿಗೆ ಮರಳುತ್ತಿತ್ತು ಎಂಬುದು ಮಾರನೆಯ ದಿನ ಗೊತ್ತಾಯಿತು. ಈಗ ಮೇಜಿನ ಮೇಲೆ ಕೀಲಿಮಣೆ, ಎರಡು ಸ್ಪೀಕರು, ಇಯರ್‌ಫೋನು ಮಾತ್ರ ಇವೆ. ಮಾನಿಟರ್ ಮತ್ತೆ ಪಕ್ಕದ ಮನೆಗೆ ಹೋಗಿದೆ.